ನೀವಿಬ್ಬರೇ ಇರುವಾಗ: ವಾಟ್ಸಾಪ್ ಗ್ರೂಪಿನ ಕಾಲದಲ್ಲಿ ಮತ್ತಾಯ 18:15

ನಾನು ಬೆಂಗಳೂರಲ್ಲಿ ಒಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇಟ್ಕೊಂಡಿದೀನಿ, ಮದುವೆ ಕಾರ್ಡು, ಬಿಲ್ ಬುಕ್ಕು, ಹಬ್ಬ ಬಂದ್ರೆ ಚರ್ಚಿನ ಪಾಂಪ್ಲೆಟ್ಟು, ಇಷ್ಟೇ. ಪ್ರತಿ ಭಾನುವಾರ ಪೂಜೆಗೆ ಹೋಗ್ತೀನಿ ಆದ್ರೆ ನಿಜ ಹೇಳ್ಬೇಕು ಅಂದ್ರೆ ಬೈಬಲಿನ ಶುಭಸಂದೇಶ ಓದೋ ಹೊತ್ತಿಗೆ ತಲೆ ಎಲ್ಲೋ ಇರ್ತಿತ್ತು, ಪೇಪರ್ ರೇಟು, ಯಾವ ಪಾರ್ಟಿ ದುಡ್ಡು ಕೊಟ್ಟಿಲ್ಲ, ಹಿಂಗೆ.

2023ರ ಸೆಪ್ಟೆಂಬರ್ 10ನೇ ತಾರೀಕು ಮಾತ್ರ ನೆನಪಿದೆ. ಅದಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಶಿವಾಜಿನಗರದ ಮಾತೆ ಮರಿಯಮ್ಮನವರ ಹಬ್ಬಕ್ಕೆ ಹೋಗಿ ಜನಜಂಗುಳೀಲಿ ನಿಂತು ಕಾಲು ಊದಿಸ್ಕೊಂಡು ಬಂದಿದ್ದೆ. ಭಾನುವಾರ ಪೂಜೇಲಿ ಓದೋ ವಾಚನ ಮತ್ತಾಯರ ಶುಭಸಂದೇಶ 18:15ರಿಂದ. ನಿನ್ನ ಸೋದರ ನಿನಗೆ ತಪ್ಪು ಮಾಡಿದ್ರೆ ಹೋಗಿ, ನೀವಿಬ್ಬರೇ ಇರುವಾಗ ಅವನಿಗೆ ಹೇಳು, ಕೇಳದಿದ್ರೆ ಇನ್ನೊಬ್ಬಿಬ್ಬರನ್ನ ಸಾಕ್ಷಿಗೆ ಕರ್ಕೊಂಡು ಹೋಗು, ಅದಕ್ಕೂ ಕೇಳದಿದ್ರೆ ಸಭೆಗೆ ತಿಳಿಸು. ಫಾದರ್ ಪ್ರಬೋಧನೆಲಿ, ಅಂದ್ರೆ ವಾಚನ ಆದ್ಮೇಲೆ ಕೊಡೋ ಉಪದೇಶದಲ್ಲಿ, ಒಂದೇ ಮಾತು ಕೇಳಿದ್ರು, "ನೀವು ಈ ಮೂರು ಮೆಟ್ಲನ್ನ ಯಾವ ಕಡೆಯಿಂದ ಹತ್ತುತೀರಾ?" ನಾನು ತಲೆ ತಗ್ಗಿಸ್ದೆ, ಯಾಕಂದ್ರೆ ನಾನು ಶುರು ಮಾಡ್ತಿದ್ದದ್ದೇ ಮೂರನೇದ್ರಿಂದ.

ಹಿಂದಿನ ತಿಂಗಳು ಪ್ರೆಸ್ಸಲ್ಲಿ ಏನಾಗಿತ್ತು ಅಂದ್ರೆ, ನಮ್ಮ ಕಟಿಂಗ್ ಮಾಡೋ ಹುಡುಗ 600 ಮದುವೆ ಕಾರ್ಡನ್ನ ಮೂರು ಮಿಲಿಮೀಟರ್ ಒಳಗೆ ಕತ್ತರಿಸ್ಬಿಟ್ಟಿದ್ದ. ಕೆಳಗಿನ ಸಾಲು, ಛತ್ರದ ವಿಳಾಸ ಇರೋ ಸಾಲು, ಅರ್ಧಕ್ಕೆ ಹೋಗಿತ್ತು, ಅಕ್ಷರದ ತಲೆ ಮಾತ್ರ ಕಾಣ್ತಿತ್ತು, ಒತ್ತಕ್ಷರ ಎಲ್ಲ ಡಸ್ಟ್‌ಬಿನ್‌ಗೆ. ನಾನು ಫೋಟೋ ತೆಗ್ದು ಸ್ಟಾಫ್ ಗ್ರೂಪಿಗೆ ಹಾಕ್ದೆ, "ಇದು ಯಾರ ಘನಕಾರ್ಯ?" ಅಂತ. ಯಾರದು ಅಂತ ಒಂಬತ್ತು ಜನಕ್ಕೂ ಗೊತ್ತು. ಒಬ್ಬ ನಗೋ ಎಮೋಜಿ ಬೇರೆ ಹಾಕ್ದ. ಹುಡುಗ ಮೂರು ದಿನ ಕೆಲಸಕ್ಕೆ ಬರ್ಲಿಲ್ಲ, ಆಮೇಲೆ ಬಂದ, ಆದ್ರೆ ನನ್ನ ಮುಖ ನೋಡಿ ಮಾತಾಡೋದು ನಿಲ್ಲಿಸ್ದ.

ಆ ಭಾನುವಾರದ ಮಾರನೇ ದಿನ ಎಲ್ರೂ ಹೋದ್ಮೇಲೆ ಅವನನ್ನ ನಿಲ್ಲಿಸ್ಕೊಂಡೆ. ಅವನು, "ಸಾರ್, ತಪ್ಪು ನಂದೇ, ಸಂಬಳದಲ್ಲಿ ಹಿಡ್ಕೊಳಿ. ಆದ್ರೆ ಆ ಗ್ರೂಪಲ್ಲಿ ನನ್ನ ಭಾಮೈದನೂ ಇದಾನೆ ಸಾರ್" ಅಂದ. ನಿಜ, ಅವನ ಹೆಂಡತಿ ತಮ್ಮನ್ನ ಡೆಲಿವರಿಗೆ ಅಂತ ನಾನೇ ಸೇರಿಸ್ಕೊಂಡಿದ್ದೆ. ಅಂದ್ರೆ ಅವತ್ತು ರಾತ್ರಿ ಆ ಫೋಟೋ ಅವನ ಅತ್ತೆ ಮನೇಗೆ ಹೋಗಿತ್ತು. ಸಂಬಳದಲ್ಲಿ ಹಿಡೀಲಿಲ್ಲ. ಕ್ಷಮಿಸಪ್ಪ ಅಂದೆ. ಅದು ಬಾಯಿಂದ ಬರೋಕೆ 600 ಕಾರ್ಡು ಮತ್ತೆ ಪ್ರಿಂಟ್ ಹಾಕೋದಕ್ಕಿಂತ ಕಷ್ಟ ಆಯ್ತು. ಗ್ರೂಪಲ್ಲಿ ಬೈದಿದ್ದನ್ನ ಗ್ರೂಪಲ್ಲೇ ವಾಪಸ್ ತಗೋಬೇಕಲ್ವಾ, ಅದನ್ನೂ ಮಾಡ್ದೆ, ಒಂದೇ ಸಾಲು.

ಅವತ್ತಿಂದ ಒಂದು ಅಭ್ಯಾಸ ಇಟ್ಕೊಂಡೆ. ಕೋಪ ಬಂದಾಗ ಟೈಪ್ ಮಾಡೋದನ್ನ ನಿಲ್ಲಿಸಕ್ಕೆ ನನ್ ಕೈಲಾಗಲ್ಲ, ಅದಕ್ಕೆ ವಾಟ್ಸಾಪಲ್ಲಿ ನಮಗೆ ನಾವೇ ಮೆಸೇಜ್ ಕಳ್ಸೋ ಜಾಗ ಇದೆಯಲ್ಲ, ಅಲ್ಲಿ ಎಲ್ಲ ಕಕ್ಕಿಬಿಡ್ತೀನಿ, ಬೆಳಿಗ್ಗೆ ಕಾಫಿ ಕುಡೀತಾ ಓದ್ತೀನಿ. ಹತ್ತು ಸಾಲಲ್ಲಿ ಒಂದು ಸಾಲು ಉಳಿಯುತ್ತೆ, ಆ ಒಂದು ಸಾಲನ್ನ ಎದುರಿಗೆ ಹೋಗಿ, ಆಗದಿದ್ರೆ ಫೋನ್ ಮಾಡಿ ಹೇಳ್ತೀನಿ. ಪೋಪ್ ಫ್ರಾನ್ಸಿಸ್ ಅವರು 2020ರ ಸೆಪ್ಟೆಂಬರ್ 6ರಂದು ಇದೇ ವಾಚನದ ಮೇಲೆ ಮಾತಾಡ್ತಾ ಚಾಡಿ ಮಾತು ಕೋವಿಡ್‌ಗಿಂತ ಕೆಟ್ಟ ಪಿಡುಗು ಅಂದಿದ್ರು. ನಮ್ಮದು ಮೂರು ವರ್ಷದ ವಾಚನ ಚಕ್ರ ಅಲ್ವಾ, ಮತ್ತಾಯ, ಮಾರ್ಕ, ಲೂಕ ಅಂತ ಒಂದೊಂದು ವರ್ಷ, ಹಂಗಾಗಿ 2020ರದೇ 2023ರಲ್ಲಿ ಮತ್ತೆ ಬಂತು. 2020ರಲ್ಲೂ ಈ ಭಾಗ ಬಂದಿತ್ತು, ನನ್ ಕಿವಿಗೆ ಬಿದ್ದಿರ್ಲಿಲ್ಲ ಅಷ್ಟೇ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ಈ ವಚನ ಹಿಡ್ಕೊಂಡು ಹೆಣ್ಣುಮಕ್ಕಳಿಗೋ ಮಕ್ಕಳಿಗೋ ಕಿರುಕುಳ ಆದಾಗ ಅವರಿಗೇ "ಅವನ ಹತ್ರ ನೀನೊಬ್ಬಳೇ ಹೋಗಿ ಮಾತಾಡ್ಕೋ, ಹೊರಗೆ ಹೇಳ್ಬೇಡ" ಅನ್ನೋರಿದ್ದಾರೆ. ಅದು ಮೋಸ. ಅದೇ 18ನೇ ಅಧ್ಯಾಯದ ಆರನೇ ವಚನ ಓದಿ, ಚಿಕ್ಕವರನ್ನ ಕೆಡಿಸೋನ ಕುತ್ತಿಗೆಗೆ ಬೀಸೋಕಲ್ಲು ಕಟ್ಟಿ ಸಮುದ್ರಕ್ಕೆ ಹಾಕೋದೇ ವಾಸಿ ಅಂತ ಯೇಸುಸ್ವಾಮಿ ಹೇಳಿರೋದು. ನಾನು ಹೇಳ್ತಿರೋದು ನಮ್ಮ ಸಮಸಮ ಜಗಳಗಳ ಬಗ್ಗೆ, ಅಥವಾ ನನ್ ಥರ ಮೇಲಿರೋನು ಕೆಳಗಿನೋನ ಮೇಲೆ ಕೂಗಾಡೋದ್ರ ಬಗ್ಗೆ.

ಇನ್ನು ಅಣ್ಣನ ವಿಷಯ. ಇದು ಪ್ರೆಸ್ಸಿನಷ್ಟು ಸುಲಭಕ್ಕೆ ಆಗ್ಲಿಲ್ಲ. ಕನಕಪುರದ ಕಡೆ ನಮ್ಮೂರಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಅಪ್ಪ ವಿಲ್ ಬರೀದೇ ಹೋದ್ರು. ಅಣ್ಣ ಊರಲ್ಲೇ ಇರೋದು, ಅಮ್ಮನ್ನೂ ಅವನೇ ನೋಡ್ಕೊಳ್ತಿರೋದು, ಖಾತೆನ ಅವನೊಬ್ಬನ ಹೆಸರಿಗೆ ಮಾಡಿಸ್ಕೊಂಡ. ನಾನು ಫ್ಯಾಮಿಲಿ ಗ್ರೂಪಲ್ಲಿ ಯುದ್ಧ ಮಾಡಿದ್ದೆ, ಅತ್ತಿಗೆ ಗ್ರೂಪ್ ಬಿಟ್ಟೋಗಿದ್ರು.

ಹುಡುಗನ ಹತ್ರ ಮಾತಾಡಿದ ಧೈರ್ಯದಲ್ಲಿ ಊರಿಗೆ ಹೋದೆ, ಇಬ್ಬರೇ ಕೂತ್ವಿ, ಅವನು ಕೇಳಲಿಲ್ಲ. ಸರಿ, ಎರಡನೇ ಮೆಟ್ಲು. ಚಿಕ್ಕಪ್ಪನ್ನ, ನಮ್ಮ ಭಾವನ್ನ ಕರ್ಕೊಂಡು ಹೋದೆ. ಅಣ್ಣ ಬಾಗಿಲಲ್ಲೇ ನಿಂತು, "ಏನೋ, ನಾಲ್ಕ್ ಜನ ಕಟ್ಕೊಂಡ್ ಬಂದಿದೀಯ, ಪಂಚಾಯ್ತಿ ಮಾಡಕ್ಕಾ?" ಅಂದ. ಒಳಗೂ ಕರೀಲಿಲ್ಲ. ವಾಪಸ್ ಬರೋವಾಗ ಬಸ್ಸಲ್ಲಿ ಹೊಳೀತು, ನಾನು ಕರ್ಕೊಂಡು ಹೋದ ಇಬ್ಬರೂ ನನ್ ಕಡೆಯೋರೇ. ಆ ಎರಡು ಮೂರು ಸಾಕ್ಷಿ ಅನ್ನೋದು ಬೈಬಲಿನ ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡ 19:15ರಿಂದ ಬಂದಿದ್ದು, ಒಬ್ಬನ ಮಾತು ಕೇಳಿ ಯಾರನ್ನೂ ತಪ್ಪಿತಸ್ಥ ಅನ್ನಬಾರ್ದು ಅಂತ ಇರೋ ನಿಯಮ ಅದು, ಅಂದ್ರೆ ಸಾಕ್ಷಿ ಇರೋದು ಅವನ ರಕ್ಷಣೆಗೂ ಹೌದು. ನಾನು ಅದನ್ನ ಬಲಪ್ರದರ್ಶನ ಮಾಡ್ಬಿಟ್ಟೆ.

ಆಮೇಲೆ ಸುಮಾರು ದಿನ ಸುಮ್ನಿದ್ದೆ. ಕೇಳದವನನ್ನ ಅನ್ಯನ ಥರ, ಆ ಕಾಲದಲ್ಲಿ ಜನ ದೂರ ಇಡ್ತಿದ್ದ ಸುಂಕದವನ ಥರ ನೋಡು ಅಂತ 17ನೇ ವಚನ ಇದೆಯಲ್ಲ, ಅಲ್ಲಿಗೆ ಕೈ ತೊಳ್ಕೊಂಡೆ ಅಂತ ಖುಷಿಯಾಗೇ ಇದ್ದೆ. ಪಾಪನಿವೇದನೆಲಿ ಹೇಳ್ಕೊಂಡಾಗ ಫಾದರ್, "ಬರ್ದಿರೋ ಮತ್ತಾಯರು ಯಾರು?" ಅಂದ್ರು. ಸುಂಕದವರೇ. ಯೇಸು ಅವರ ಮನೇಲಿ ಊಟಕ್ಕೆ ಕೂತಿದ್ದು. ಅಲ್ಲಿಗೆ ಆ ದಾರಿನೂ ಬಂದ್ ಆಯ್ತು.

2025ರ ಆಗಸ್ಟ್ 3ಕ್ಕೆ ಪೂಜೇಲಿ ಲೂಕ 12ರ ವಾಚನ ಬಂತು. ಗುಂಪಲ್ಲಿ ಒಬ್ಬ, ಪಿತ್ರಾರ್ಜಿತ ಆಸ್ತಿ ಪಾಲು ಮಾಡಿಕೊಡೋಕೆ ನನ್ನ ಅಣ್ಣನಿಗೆ ಹೇಳಿ ಅಂತಾನೆ, ಯೇಸುಸ್ವಾಮಿ ನನ್ನನ್ನ ನಿಮಗೆ ನ್ಯಾಯಾಧೀಶ ಮಾಡಿದ್ದು ಯಾರು ಅಂತಾರೆ, ಎಲ್ಲ ಥರದ ದುರಾಸೆಗೂ ಎಚ್ಚರವಾಗಿರಿ ಅಂತಾರೆ. ನಂಗೆ ಸಿಟ್ಟೇ ಬಂತು. ದುರಾಸೆ ಅಣ್ಣಂದಲ್ವಾ? ಮನೆಗೆ ಬಂದು ಫೋನಲ್ಲಿ ನಂಗೆ ನಾನೇ ಕಳ್ಸಿದ್ದ ಹಳೇ ಮೆಸೇಜೆಲ್ಲ ತೆಗ್ದು ಓದ್ದೆ. ಎಲ್ಲ ಕಡೆ "ನನ್ನ ಅರ್ಧ", "ನನ್ನ ಅರ್ಧ". ನಮ್ಮ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಲಾಗೂ ಆಗುತ್ತೆ, ವಿಲ್ ಇಲ್ಲದಿದ್ರೆ ಹೆಂಡತಿಗೆ ಮೂರರಲ್ಲೊಂದು ಪಾಲು, ಮಿಕ್ಕಿದ್ದು ಮಕ್ಕಳಿಗೆ ಸಮ, ಹೆಣ್ಣು ಗಂಡು ಭೇದ ಇಲ್ಲ. ನಾವು ಮಕ್ಕಳು ಮೂರು ಜನ. ಅಮ್ಮಂದು ತೆಗೆದ್ರೆ ನಂಗೆ ಬರೋದು ಒಂಬತ್ತರಲ್ಲಿ ಎರಡು. ಎರಡು ವರ್ಷ ನಾನು ಅರ್ಧ ಅರ್ಧ ಅಂತ ಕೂಗಾಡಿದ್ದು ಅಮ್ಮನ್ನೂ ತಂಗೀನೂ ಲೆಕ್ಕದಿಂದ ಹೊರಗಿಟ್ಟು, ಅದೂ ತಂಗಿ ಗಂಡನ್ನೇ ಸಾಕ್ಷಿಗೆ ಕರ್ಕೊಂಡು ಹೋಗಿ! ಪುಣ್ಯಾತ್ಮ, ಭಾವ ಒಂದು ಮಾತೂ ಆಡಿರ್ಲಿಲ್ಲ.

ಮೊದ್ಲು ತಂಗಿಗೆ ಫೋನ್ ಮಾಡ್ದೆ. "ಈಗ ಗೊತ್ತಾಯ್ತಾ ನಿಂಗೆ?" ಅಂದ್ಲು, ನಗ್ಲಿಲ್ಲ. ಅಣ್ಣನಿಗೂ ಮಾಡಿ ನಾನು ಕೇಳ್ತಿದ್ದ ಲೆಕ್ಕಾನೇ ತಪ್ಪು ಅಂದೆ, "ಹೂಂ" ಅಂದು ಇಟ್ಬಿಟ್ಟ. ಖಾತೆ ಅನ್ನೋದು ತೆರಿಗೆ ಕಟ್ಟೋಕೆ ಇರೋ ದಾಖಲೆ, ಅದರಿಂದ ಯಾರ ಹಕ್ಕೂ ಹೋಗಲ್ಲ ಅಂತ ವಕೀಲರು ಹೇಳಿದಾರೆ, ಹಂಗಾಗಿ ಅರ್ಜೆಂಟ್ ಏನಿಲ್ಲ.

ಮೊನ್ನೆ ಅಣ್ಣನೇ ಫೋನ್ ಮಾಡ್ದ. ಮಗಳ ಪ್ರಥಮ ಪರಮಪ್ರಸಾದ, ಇನ್ನೂರು ಕಾರ್ಡು ಬೇಕು, ರೇಟ್ ಎಷ್ಟು ಅಂತ. ಮ್ಯಾಟರ್ ಹಾಳೇಲಿ ಬರ್ದು ಫೋಟೋ ಕಳ್ಸಿದ್ದ. ಕೆಳಗೆ ಆಗಮನಾಭಿಲಾಷಿಗಳು ಅಂತ ಇರೋ ಕಡೆ ಅಮ್ಮ ಇದಾರೆ, ಅತ್ತಿಗೆ ತವರಿನೋರು ಇದಾರೆ, ತಂಗಿ ಭಾವ ಇದಾರೆ, ನಾವಿಲ್ಲ. ಮುಂಚಿನ ನಾನಾಗಿದ್ರೆ ಆ ಫೋಟೋನ ಎಲ್ಲಿಗೆ ಫಾರ್ವರ್ಡ್ ಮಾಡ್ತಿದ್ದೆ ಅಂತ ನಿಮಗೇ ಗೊತ್ತು. ಹೆಂಡತಿಗೂ ತೋರಿಸದೆ ಆಚೆ ಬಂದು ಫೋನ್ ಮಾಡ್ದೆ. "ಅಣ್ಣಾ, ನಮ್ಮ ಹೆಸರು ಬಿಟ್ಟೋಗಿದೆ. ಮರ್ತಿದ್ದಾ, ಬೇಕು ಅಂತಾನಾ?"

ಸ್ವಲ್ಪ ಹೊತ್ತು ಆ ಕಡೆಯಿಂದ ಕೋಳಿ ಕೂಗೋದು ಮಾತ್ರ ಕೇಳಿಸ್ತು. ಆಮೇಲೆ, "ಹಾಕ್ಕೋ" ಅಂದ.

ಹಾಕ್ದೆ, ಕೊನೇ ಸಾಲಲ್ಲಿ. ಕಟಿಂಗ್‌ಗೆ ಕೊಡೋ ಮುಂಚೆ ಹುಡುಗನ ಹತ್ರ ಹೋಗಿ ಕೆಳಗಡೆ ಅಂಚು ಹುಷಾರು ಕಣಪ್ಪ ಅಂದೆ. "ಗೊತ್ತು ಸಾರ್" ಅಂದ, ಈ ಸಲ ನಕ್ಕ.