ನಿದ್ದೆ ಬರ್ತದೆ ಟೀಚರೇ, ಮಲಗಲಿಕ್ಕೆ ಬಿಡುದು ಯಾರು?

ಮನಶ್ಶಾಸ್ತ್ರದ ಸಂಶೋಧನೆ ಸಾಮಾಜಿಕ ನ್ಯಾಯಕ್ಕೆ ಹೇಗೆ ಒದಗೀತು ಎಂಬ ಬಗ್ಗೆ ಒಂದು ದಿನದ ವಿಚಾರ ಸಂಕಿರಣ. ಹೊಣೆ ನನ್ನ ಹೆಗಲಿಗೆ ಬಿದ್ದಾಗ ನಾನು ಹಾಕಿದ ಷರತ್ತು ಒಂದೇ: ಕಾಸರಗೋಡು ಪೇಟೆಯ ಹಾಲ್‌ನಲ್ಲಿ ಬೇಡ, ಹಳ್ಳಿಯಲ್ಲಿ, ಎಣ್ಮಕಜೆ ಕಡೆ ಇಡುವ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನೊಂದ ಮಕ್ಕಳ ಅಮ್ಮಂದಿರ ವಿಷಯ ಮಾತಾಡುವುದಾದರೆ ಅವರಿಗೆ ಬಂದು ಕೂರಲಿಕ್ಕಾದರೂ ಆಗಬೇಕಲ್ಲ.

ಬರುವುದು ಸುಲಭವಲ್ಲ. ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಆಗಿನ ಮಕ್ಕಳು ಈಗ ಬೆಳೆದು ನಿಂತ ವಯಸ್ಸಿನವರು, ಅವರನ್ನು ಎತ್ತಿ ಕೂರಿಸುವ ಅಮ್ಮಂದಿರಿಗೆ ಮಂಡಿನೋವು. ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಮೊದಲು ಬರೆದದ್ದು ಎರಡು ಜೀಪಿನ ಬಾಡಿಗೆ. ಆ ಮಕ್ಕಳಿಗೆಂದು ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ, ನೋಡಿಕೊಳ್ಳಲು ನರ್ಸಿಂಗ್ ಕಲಿಯುವ ಇಬ್ಬರು ಹುಡುಗಿಯರನ್ನು ಕೂರಿಸಿದೆವು. ಬ್ಯಾನರ್, ಶಾಲು, ಹೂಗುಚ್ಛ ಎಲ್ಲ ಕಡಿತ. ಉದ್ಘಾಟನೆಯೂ ಇಲ್ಲ ಅಂದಾಗ ಹಿರಿಯರೊಬ್ಬರು ಮುಖ ಊದಿಸಿಕೊಂಡರು. ಇರಲಿ.

ಬೆಳಗ್ಗಿನ ಉಪನ್ಯಾಸ ಚೆನ್ನಾಗಿಯೇ ಇತ್ತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕರಿಯ ಮಕ್ಕಳ ಮುಂದೆ ಕಪ್ಪು, ಬಿಳಿ ಗೊಂಬೆಗಳನ್ನಿಟ್ಟು ಯಾವುದು ಚೆಂದ ಎಂಬಂತೆ ಕೇಳಿದ ಪ್ರಶ್ನೆಗಳು, 1954ರಲ್ಲಿ ಶಾಲೆಗಳ ವರ್ಣಭೇದ ಸಲ್ಲದೆಂದ ಅಮೆರಿಕದ ಸುಪ್ರೀಂ ಕೋರ್ಟು ಆ ಸಂಶೋಧನೆಯನ್ನೂ ಉಲ್ಲೇಖಿಸಿದ್ದು. ಪ್ರಾಧ್ಯಾಪಕರು ತಲೆದೂಗಿದರು. ಅಮ್ಮಂದಿರು ಬಾಗಿಲ ಕಡೆ ನೋಡುತ್ತಿದ್ದರು.

ನನ್ನ ಸರದಿಯಲ್ಲಿ ನಾನು ತೆಗೆದದ್ದು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರ ಕನ್ನಡ ಕರಡು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಹೆಚ್ಚಿನ ತಪಾಸಣೆ ಬೇಕು. ಅಂಕ ಹಾಕಲಿಕ್ಕಲ್ಲ, ಮಾತು ಸರಿಯಿದೆಯಾ ನೋಡಲಿಕ್ಕೆ ಓದಿದೆ. ಒಂಬತ್ತನೆಯದು ಸಾಯುವ ಯೋಚನೆಯದ್ದು, ಅದನ್ನು ಓದಲಿಲ್ಲ. ಅದನ್ನು ಒಬ್ಬೊಬ್ಬರನ್ನೇ ಕೂರಿಸಿ, ಹೌದೆಂದರೆ ಯಾರ ಹತ್ತಿರ ಕರೆದುಕೊಂಡು ಹೋಗುವುದೆಂದು ಮೊದಲೇ ಗೊತ್ತುಮಾಡಿಕೊಂಡು ಕೇಳಬೇಕು.

ಮೊದಲ ಸಾಲಿಗೇ ಎಡವಿದೆ. 'ನಿರಾಸಕ್ತಿ' ಅಂದರೆ ಯಾರಿಗೂ ತಿಳಿಯಲಿಲ್ಲ. ತಿಳಿಯಲೆಂದು 'ಬೇಜಾರು' ಅಂದೆ. ಎರಡನೆಯ ಪ್ರಶ್ನೆ ದುಃಖದ್ದು, ಅದಕ್ಕೂ ಇಲ್ಲಿ ಬೇಜಾರೇ! "ಅದನ್ನು ಈಗ ಕೇಳಿದ್ರಲ್ಲ" ಅಂದರು. ಕೊನೆಗೆ ಒಂದನೆಯದನ್ನು "ಮೊದಲು ಖುಷಿಯಲ್ಲಿ ಮಾಡ್ತಿದ್ದ ಕೆಲಸಕ್ಕೆ ಈಗ ಮನಸ್ಸು ಬರುವುದಿಲ್ವಾ" ಅಂತ ತಿದ್ದಿದೆವು.

ಮೂರನೆಯದು ನಿದ್ದೆ. ಮುಂದಿನ ಸಾಲಿನ ಒಬ್ಬ ಅಮ್ಮ ಮಡಿಲಲ್ಲಿ ಬಟ್ಟೆ ಚೀಲ ಇಟ್ಟುಕೊಂಡು ಕೂತಿದ್ದರು. ಒಳಗಿನ ಕೋಣೆಯಿಂದ ಸಣ್ಣ ಸದ್ದಾದರೂ ಚೀಲ ಹಿಡಿದು ಅರ್ಧ ಎದ್ದು, ಕಿವಿಗೊಟ್ಟು, ಮತ್ತೆ ಕೂರುವುದು. ಅವರು ಹೇಳಿದರು, "ನಿದ್ದೆ ಬರ್ತದೆ ಟೀಚರೇ, ಮಲಗಲಿಕ್ಕೆ ಬಿಡುದು ಯಾರು? ಅವನನ್ನು ಮಗ್ಗುಲು ತಿರುಗಿಸದಿದ್ರೆ ಬೆನ್ನು ಹುಣ್ಣಾಗ್ತದೆ."

ನಾನು ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದೆ. ನಿದ್ದೆಗೆ 3, ಸುಸ್ತಿಗೆ 3, ಹೊತ್ತಿಗೆ ಸರಿಯಾಗಿ ಉಣ್ಣದ್ದಕ್ಕೆ 3. ಮನಸ್ಸಿನ ಸಂಗತಿ ಒಂದೂ ಸೇರದೆ 9. ಇನ್ನೊಂದು ಅಂಕ ಬಿದ್ದರೆ ಕಡತದಲ್ಲಿ ಆಕೆ ಖಿನ್ನತೆಯವರು, ಕೈಗೊಂದು ಮಾತ್ರೆ ಚೀಟಿ. ಖಿನ್ನತೆ ಇಲ್ಲವೆಂದು ನಾನು ಹೇಳುತ್ತಿಲ್ಲ, ಇರುವವರು ಇದ್ದಾರೆ, ಅವರಿಗೆ ಮಾತ್ರೆಯೂ ಬೇಕು. ಆದರೆ ರಾತ್ರಿ ಕೈಬದಲಿಗೆ ಜನವಿಲ್ಲದ್ದು ಕಾಯಿಲೆ ಹೇಗಾಗುತ್ತದೆ? ಇಷ್ಟು ವರ್ಷ ಎಷ್ಟು ಫಾರ್ಮು ತುಂಬಿಸಿದ್ದೇನೋ, ಈ ಲೆಕ್ಕ ನಾನು ಮಾಡಿರಲಿಲ್ಲ.

ಮಧ್ಯಾಹ್ನಕ್ಕೆಂದು ಎಲ್ ಸಾಲ್ವಡಾರಿನಲ್ಲಿ ದುಡಿದು 1989ರಲ್ಲಿ ಅಲ್ಲಿನ ಸೈನಿಕರ ಗುಂಡಿಗೆ ಬಲಿಯಾದ ಪಾದ್ರಿ, ಮನಶ್ಶಾಸ್ತ್ರಜ್ಞ ಇಗ್ನಾಸಿಯೊ ಮಾರ್ಟಿನ್-ಬಾರೊ ಅವರ ಬಗ್ಗೆ ಸ್ಲೈಡು ಮಾಡಿಟ್ಟಿದ್ದೆ. ನೊಂದವರು ನಿಂತ ಜಾಗದಿಂದಲೇ ಮನಶ್ಶಾಸ್ತ್ರ ಶುರುವಾಗಬೇಕು ಅಂದವರು. ಸ್ಲೈಡು ಹಾಕಲಿಲ್ಲ. ಗಂಜಿ ಊಟ ಮುಗಿಸಿ ಎಲ್ಲರೂ ಸುತ್ತ ಕೂತು ಇನ್ನೊಂದು ಹಾಳೆ ಬರೆದೆವು: ರಾತ್ರಿ ಎಷ್ಟು ಸಲ ಏಳುತ್ತೀರಿ, ಬದಲಿಗೆ ಯಾರಿದ್ದಾರೆ, ಕೊನೆಯ ಸಲ ಪೂರ್ತಿ ರಾತ್ರಿ ಮಲಗಿದ್ದು ಯಾವಾಗ. ಇದನ್ನು ಪ್ರಶ್ನಾವಳಿಯೊಳಗೆ ತುರುಕಿದರೆ ಅದರ ಅಂಕಗಳಿಗೆ ಬೆಲೆ ಇರುವುದಿಲ್ಲ. ಬೇರೆಯಾಗಿ, ಮೊದಲು ಕೇಳುವುದು.

ರಾತ್ರಿ ಆರೈಕೆಗೆ ಜನ ಬೇಕೆಂದು ಪಂಚಾಯತಿಗೊಂದು ಅರ್ಜಿಯೂ ಆಯಿತು, ಕನ್ನಡದಲ್ಲೇ. ಕೇರಳದ 1969ರ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಅವಕಾಶ ಕೊಟ್ಟಿತ್ತು. ಓದಿ ಹೇಳಿದೆ: ತಿಂಗಳಿಗೆ ಎರಡು ರಾತ್ರಿ.

"ವಾರಕ್ಕೊಂದು ಅಂತ ಬರೀರಿ" ಅಂದರು ಬಟ್ಟೆ ಚೀಲದ ಅಮ್ಮ. ತಿದ್ದಿದೆ. ಅಷ್ಟರಲ್ಲಿ ಜೀಪಿನವನು ಹಾರ್ನ್ ಹಾಕಿದ.