ಕೊಟ್ಟಿಗೆ ಅತ್ತರು: ಅರ್ಧ ಸೆರಗಿಗೆ, ಅರ್ಧ ಮುಡಿಗೆ

ಕೊಟ್ಟಿಗೆಯ ವಾಸನೆಯನ್ನು ಅತ್ತರು ಮಾಡಿ, ಹಚ್ಚಿಕೊಂಡು ಮದುವೆಮನೆಗೆ ಹೋಗಿ ಬರಬಹುದು. ನಾನು ಹೋಗಿ ಬಂದಿದ್ದೇನೆ, ಒಂದು ಸಲ ಅಲ್ಲ, ತುಂಬಾ ಸಲ. "ಅದೆಲ್ಲ ಆಗೋ ಕೆಲಸ ಅಲ್ಲ ಬಿಡಿ" ಅಂದವರಲ್ಲೇ ಇಬ್ಬರು ಈಗ ನನ್ನ ಹತ್ತಿರ ಶೀಶೆ ಇಸ್ಕೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತೂಕ ಹಾಕೋದು, ತೆಳು ಮಾಡೋದು, ಕಾಗದದ ಪಟ್ಟಿಗೆ ಹಚ್ಚಿ ಮೂಸಿ ನೋಡೋದು ನಿಮಗೆಲ್ಲ ಗೊತ್ತಿರುವ ವಿಷಯ. ಅದನ್ನು ಮತ್ತೆ ಹೇಳೋದಿಲ್ಲ.

ಮೊದಲು ಯಾವ ಕೊಟ್ಟಿಗೆ ಅನ್ನೋದನ್ನು ಹೇಳಬೇಕು. ಸಿಮೆಂಟು ನೆಲದ ಡೈರಿ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳೇ ಸೊಪ್ಪಿನ ಕೊಟ್ಟಿಗೆ. ಕಾಲಡಿಗೆ ಸೊಪ್ಪು, ದರಕು (ಒಣಗಿ ಬಿದ್ದ ಎಲೆ). ಮೇಲೆ ಅಟ್ಟದಲ್ಲಿ ಒಣಹುಲ್ಲು. ಮೂಲೆಯಲ್ಲಿ ದನಕ್ಕೆ ಇಡುವ ಅಕ್ಕಚ್ಚಿನ (ಅಕ್ಕಿ ತೊಳೆದ ನೀರಿನ) ಹುಳಿ. ಸಂಜೆ ಸೊಳ್ಳೆಗೆ ಅಂತ ಹಾಕಿದ ಹೊಗೆ. ಮಲೆನಾಡು ಗಿಡ್ಡ ತಳಿಯ ದನದ ಬಿಸಿ ಮೈ. ಅಲ್ಲಿ ಕಟ್ಟಿದ ಕರುವಿನ ಹಣೆಯ ಸುಳಿಗೆ ಮೂಗು ತಾಗಿಸಿ ನೋಡಿ. ಹಾಲು, ಹುಲ್ಲು, ಚೂರು ಉಪ್ಪು, ಬೆಚ್ಚಗಿನ ಚರ್ಮ ಎಲ್ಲ ಒಟ್ಟಿಗೆ ಬರುತ್ತದೆ. ಸಗಣಿ ಆ ಜಾಗದಲ್ಲಿ ಇರೋದಿಲ್ಲ, ಆದರೆ ಹತ್ತಿರದಲ್ಲೇ ಎಲ್ಲೋ ಇದೆ ಅಂತ ಮೂಗಿಗೆ ತಿಳಿಯುತ್ತದೆ. ನನಗೆ ಬೇಕಾಗಿದ್ದು ಸರಿಯಾಗಿ ಆ ಅಳತೆ.

ನಮ್ಮ ಅತ್ತೆಗೆ ಹೇಳಿದಾಗ ಅವರು ದಂಗಾದರು. "ಅಲ್ವೇ, ಕೊಟ್ಟಿಗೆ ವಾಸನೆ ಹೋಗ್ಲಿ ಅಂತ ನಾವು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳ್ಕೊಳ್ತಿದ್ವಿ. ನೀನು ದುಡ್ಡು ಕೊಟ್ಟು ಹಚ್ಕೊಳ್ತೀಯಾ?" ಅಂದರು. ಶಿವಾಜಿನಗರದಲ್ಲಿ ನಾನು ಖಾಯಂ ಹೋಗುವ ಅತ್ತರು ಅಂಗಡಿಯ ಭಾಯ್ ಇನ್ನೂ ನೇರವಾಗಿ ಹೇಳಿದರು: "ಮೇಡಂ, ಗುಲಾಬಿ ತಗೊಳ್ಳಿ, ಖಸ್ ತಗೊಳ್ಳಿ. ಇದಕ್ಕೆ ದುಡ್ಡು ಹಾಕಬೇಡಿ." ನಮ್ಮ ಅತ್ತರು ಗೆಳತಿಯರಲ್ಲೂ ಒಬ್ಬರು ಹುಲ್ಲು ಅನ್ನೋದು ಸುಗಂಧದ ವಸ್ತುವೇ ಅಲ್ಲ ಅಂದರು. ಅದನ್ನು ಮಾತ್ರ ನಾನು ಒಪ್ಪಲಿಲ್ಲ. ಒಣಹುಲ್ಲಿನ ಸಿಹಿ ಕೊಡುವ ಕೂಮರಿನ್ ಅನ್ನು 1882ರಲ್ಲೇ ಫ್ರಾನ್ಸಿನವರು 'ಫೂಜೇರ್ ರಾಯಾಲ್'ನಲ್ಲಿ ಹಾಕಿದ್ದಾರೆ. ಅಲ್ಲಿಂದ ಈಚೆಗೆ ಗಂಡಸರ ಪರ್ಫ್ಯೂಮುಗಳಲ್ಲಿ ಎಷ್ಟೋ ಅದೇ ದಾರಿಯಲ್ಲಿ ಬಂದಿವೆ.

ಶುರು ಮಾಡಿದ್ದು ಭಟ್ಟಿಯಿಂದ. ಉತ್ತರ ಪ್ರದೇಶದ ಕನೌಜ್‌ನವರು ಸುಟ್ಟ ಮಣ್ಣನ್ನು ತಾಮ್ರದ ಭಟ್ಟಿ ಹಂಡೆಯಾದ ದೇಗ್‌ಗೆ ಹಾಕಿ, ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಮಿಟ್ಟಿ ಅತ್ತರು ಮಾಡುತ್ತಾರಲ್ವಾ, ಹುಲ್ಲಿಗೂ ಅದೇ ನಡೆಯಬಹುದು ಅಂದುಕೊಂಡೆ. ಹತ್ತು ಲೀಟರಿನ ತಾಮ್ರದ ಪಾತ್ರೆ, ಕೊಳವೆ, ಬೆಸುಗೆ ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು. ಒಂದು ಸಲ ಭತ್ತದ ಹುಲ್ಲು, ಇನ್ನೊಂದು ಸಲ ಬೆರಣಿ. ಹುಲ್ಲಿನಿಂದ ಬಂದಿದ್ದು ಬೇಯಿಸಿದ ಸೊಪ್ಪಿನ ನೀರಿನ ವಾಸನೆ. ಬೆರಣಿಯಿಂದ ಕಣ್ಣು ಉರಿಸುವ ಅಮೋನಿಯಾ. ಎರಡರಲ್ಲೂ ಗಂಧದೆಣ್ಣೆ ಹಾಳಾಯಿತು. ಇಪ್ಪತ್ತು ಗ್ರಾಂ ಇರಬೇಕು, ಆಗಿನ ರೇಟಿನಲ್ಲಿ ಆರು ಸಾವಿರಕ್ಕೆ ಕಡಿಮೆ ಇಲ್ಲ.

ಆಮೇಲೆ ಬೆಟ್ಟದ ಕರಡವನ್ನು (ಒಣಗಿದ ಕಾಡುಹುಲ್ಲನ್ನು) ಸಣ್ಣಗೆ ಕತ್ತರಿಸಿ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಬಿಸಿಲಿಗೆ ಇಟ್ಟೆ. ಮಳೆಗಾಲ ಬಂತು, ಬೂಸ್ಟು ಹಿಡಿಯಿತು. ಮತ್ತೆ ಬೇಸಿಗೆಯಲ್ಲಿ ಮಾಡಿದ್ದು ಬೂಸ್ಟು ಹಿಡಿಯಲಿಲ್ಲ, ಆದರೆ ಎಣ್ಣೆ ಕನರಿತು. ನಮ್ಮ ಕಡೆ ಹುಲ್ಲಿನಲ್ಲಿ ಆ ಸಿಹಿ ಅಂಶ ಕಡಿಮೆ. ಕೊನೆಗೆ ಫ್ರಾನ್ಸಿನಿಂದ ಬರುವ ಹೇ ಅಬ್ಸಲ್ಯೂಟನ್ನೇ, ಅಂದರೆ ಒಣಹುಲ್ಲಿನಿಂದ ತೆಗೆದ ಗಟ್ಟಿ ಸಾರವನ್ನೇ, ತರಿಸಿದೆ. ಹತ್ತು ಗ್ರಾಂಗೆ ನಾಲ್ಕು ಸಾವಿರದ ಮೇಲೆ. ಕಪ್ಪು ಹಸಿರು ಬಣ್ಣ, ಬೆಲ್ಲದ ಪಾಕದ ಹಾಗೆ ಗಟ್ಟಿ. ಬಿಸಿನೀರಿನಲ್ಲಿ ಶೀಶೆ ಇಡದೆ ಒಂದು ಹನಿಯೂ ಇಳಿಯೋದಿಲ್ಲ. ದುಬಾರಿ ಹೌದು, ಆದರೆ ಮುಚ್ಚಳ ತೆಗೆದ ತಕ್ಷಣ ಅಟ್ಟ ಹತ್ತಿದ ಹಾಗಾಯಿತು.

ನಿಜವಾದ ತಲೆನೋವು ಸಗಣಿಯ ಭಾಗ. ಮಲದ ವಾಸನೆ ಕೊಡುವ ಸ್ಕಟೋಲ್ ಅನ್ನುವ ರಾಸಾಯನಿಕ ತರಿಸಿದೆ. ಶೇಕಡಾ ಒಂದಕ್ಕೆ ಇಳಿಸಿದರೂ ಅದು ರಾಕ್ಷಸ. ನುಸಿಗುಳಿಗೆ ಮತ್ತು ಕಕ್ಕಸು ಎರಡೂ ಸೇರಿದ ವಾಸನೆ. ಅಲ್ಮೇರಾದ ಬಟ್ಟೆಗೆಲ್ಲ ಹಿಡಿದು, ನಮ್ಮ ಮನೆಯವರು ಡಬ್ಬಿಯನ್ನು ಸ್ಟೋರ್ ರೂಮಿಗೆ ಸಾಗಿಸಿದರು. ಇನ್ನೂ ತೆಳು ಮಾಡಿ ಅತ್ತರಿಗೆ ಸೇರಿಸಿದಾಗ ಮೊದಲ ಒಂದು ಗಂಟೆ ಅದ್ಭುತವಾಗಿತ್ತು. ಮೂರನೇ ಗಂಟೆಗೆ ಹುಲ್ಲೆಲ್ಲ ಅಡಗಿಹೋಗಿ ಸಗಣಿ ಒಂದೇ ಉಳಿಯಿತು. ಆಫೀಸಿನಲ್ಲಿ ಪಕ್ಕದ ಟೇಬಲಿನವರು ಏನೂ ಹೇಳದೆ ಎದ್ದು ಕಿಟಕಿ ತೆಗೆದರು. ಆ ಸೀರೆಯನ್ನು ಎರಡು ಸಲ ಒಗೆದರೂ ವಾಸನೆ ಬಿಡಲಿಲ್ಲ. ಸಗಣಿಯ ಅಂಶವನ್ನು ಎಣ್ಣೆಯಲ್ಲಿ ಹಾಕಿದರೆ ಕೊನೆಗೆ ಗೆಲ್ಲೋದು ಅದೇ. ಎಷ್ಟು ಕಡಿಮೆ ಹಾಕಿದರೂ ಅಷ್ಟೇ, ಯಾಕೆಂದರೆ ಚೂರೇ ಇದ್ದರೂ ಮೂಗು ಅದನ್ನು ಹಿಡಿಯುತ್ತದೆ, ಅದು ತುಂಬಾ ಹೊತ್ತು ನಿಲ್ಲುತ್ತದೆ.

ಇಲ್ಲಿಂದಲೇ ನನ್ನ ದಾರಿ ಬೇರೆಯಾಯಿತು. ಮಲ್ಲಿಗೆಯಲ್ಲಿ ಇಂಡೋಲ್ ಇದೆ ಅಂತ ನಮಗೆಲ್ಲ ಗೊತ್ತು. ಸ್ಕಟೋಲ್‌ನ ಹತ್ತಿರದ ಬಂಧು ಅದು. ಮಲ್ಲಿಗೆ ಅಬ್ಸಲ್ಯೂಟನ್ನು ಎಣ್ಣೆಗೆ ಹಾಕೋದು ಎಲ್ಲರೂ ಮಾಡುವ ಕೆಲಸ. ನಾನೂ ಹಾಕಿ ನೋಡಿದೆ. ಹೂವಿನ ಅತ್ತರಾಯಿತು, ಕೊಟ್ಟಿಗೆ ಮಾಯ. ಆಗ ಎಣ್ಣೆಯಿಂದ ಸಗಣಿಯನ್ನೂ ತೆಗೆದೆ, ಮಲ್ಲಿಗೆಯನ್ನೂ ತೆಗೆದೆ. ಎಣ್ಣೆಯಲ್ಲಿ ಹುಲ್ಲು, ಮೈ, ಹೊಗೆ ಅಷ್ಟೇ ಇಟ್ಟೆ. ಅದನ್ನು ಸೆರಗಿಗೆ ಹಚ್ಚಿ, ಮುಡಿಗೆ ಹಸಿ ಮಲ್ಲಿಗೆ ಮುಡಿದೆ. ಮಧ್ಯಾಹ್ನ ಕಳೆದು ಮೊಗ್ಗು ಅರಳಿ, ಸ್ವಲ್ಪ ಬಾಡೋಕೆ ಶುರುವಾದಾಗ ಎರಡೂ ಕೂಡಿದವು. ನಾನು ತಲೆ ತಿರುಗಿಸಿದಾಗಲೆಲ್ಲ ಕೊಟ್ಟಿಗೆ ಪೂರ್ತಿಯಾಗಿ ಬಂತು, ಹೋಯಿತು. ರಾತ್ರಿ ಹೂವು ತೆಗೆದಿಟ್ಟರೆ ಸಗಣಿಯ ಭಾಗವೂ ಅದರ ಜೊತೆಗೇ ಹೋಯಿತು, ಸೀರೆಯಲ್ಲಿ ಬರೀ ಸಿಹಿ ಹುಲ್ಲು. ಇಷ್ಟು ಸುಲಭದ್ದನ್ನು ಬೇರೆ ಯಾರೂ ಮಾಡಿ ತೋರಿಸಿದ್ದು ನಾನಂತೂ ನೋಡಿಲ್ಲ.

ಈಗ ಎಣ್ಣೆಯಲ್ಲಿ ಏನಿದೆ ಅಂತ. ಮೂವತ್ತು ಗ್ರಾಂ ಕಟ್ಟಿಗೆ (ಒಂದು ಸಲ ಬೆರೆಸುವ ಮಿಶ್ರಣಕ್ಕೆ ನಾನು ಕಟ್ಟು ಅನ್ನೋದು) ನೆನಪಿನ ಮೇಲೆ ಹೇಳುತ್ತೇನೆ. ಗಂಧದೆಣ್ಣೆ ಕಾಲು ಭಾಗ, ಹೇ ಅಬ್ಸಲ್ಯೂಟ್ ಶೇಕಡಾ ಹತ್ತು. ಲಾವಂಚ ಐದು. ನಾಗರಮೋಥಾ (ಒಂದು ಜಾತಿಯ ತುಂಗೆಗಡ್ಡೆಯ ಎಣ್ಣೆ) ಎರಡೋ ಮೂರೋ, ಹಗ್ಗ ಮತ್ತು ತೊಗಲಿನ ಭಾವ ಬರೋದು ಅದರಿಂದ. ಕಸ್ತೂರಿ ಬೆಂಡೆ ಬೀಜದ ಎಣ್ಣೆ ಒಂದಕ್ಕಿಂತ ಕಡಿಮೆ, ಅದು ಕರುವಿನ ಮೈ. ಹಾಲಿನ ವಾಸನೆಗೆ ಡೆಲ್ಟಾ ಡೆಕಾಲ್ಯಾಕ್ಟೋನ್ ಹೆಸರಿಗೆ ಮಾತ್ರ. ಕೂಮರಿನ್ ಶೇಕಡಾ ಒಂದರ ಸುತ್ತಮುತ್ತ, ಅದಕ್ಕಿಂತ ಮೇಲೆ ಹೋಗಬೇಡಿ. ಹೊಗೆಗೆ ಚೋಯಾ ಲೋಬಾನ್ (ಲೋಬಾನವನ್ನು ಸುಟ್ಟು ಇಳಿಸಿದ ಎಣ್ಣೆ), ಸೂಜಿಮೊನೆಯಷ್ಟು. ಉಳಿದದ್ದು ಚಳಿಗೆ ಹೆಪ್ಪುಗಟ್ಟದ ಫ್ರಾಕ್ಷನೇಟೆಡ್ ಕೊಬ್ಬರಿ ಎಣ್ಣೆ. ಅಬ್ಸಲ್ಯೂಟಿನ ಮೇಣ ಇದರಲ್ಲಿ ಪೂರ್ತಿ ಕರಗೋದಿಲ್ಲ, ತಳದಲ್ಲಿ ಕೂರುತ್ತದೆ. ಎರಡು ವಾರ ಬಿಟ್ಟು ಸೋಸಿದರೆ ಸಾಕು.

ಕೂಮರಿನ್ ನನಗೆ ಒಂದು ಕಟ್ಟನ್ನೇ ಕೆಡಿಸಿತು. ಡಿಸೆಂಬರಿನ ಚಳಿಗೆ ಶೀಶೆಯ ಒಳಗೆಲ್ಲ ಬಿಳಿ ಸೂಜಿಗಳು ಎದ್ದು ನಿಂತವು. ಈಗ ಮೊದಲು ಸ್ವಲ್ಪ ಬೆಂಜೈಲ್ ಬೆಂಜೊಯೇಟ್ ಅನ್ನುವ ದ್ರವದಲ್ಲಿ ಕರಗಿಸಿಕೊಂಡು ಆಮೇಲೆ ಸೇರಿಸುತ್ತೇನೆ. ಸೂಜಿ ಮತ್ತೆ ಕಂಡಿಲ್ಲ.

ಕುದುರೆ ಲಾಯದ ಕಡೆ ಸ್ವಲ್ಪ ವಾಲಬೇಕು ಅನ್ನುವವರಿಗೆ ಪ್ಯಾರಾ ಕ್ರೆಸಿಲ್ ಫಿನೈಲ್ ಅಸಿಟೇಟ್ ಅನ್ನುವ ರಾಸಾಯನಿಕ ಇದೆ. ಜೇನು, ನಾರ್ಸಿಸಸ್ ಹೂವು, ಬೆವೆತ ಕುದುರೆ ಮೂರೂ ಅದರಲ್ಲಿ ಒಟ್ಟಿಗೆ ಸಿಗುತ್ತವೆ. ಬರೀ ಪ್ಯಾರಾ ಕ್ರೆಸಾಲ್ ಇನ್ನೂ ನಿಜವಾಗಿ ಬರುತ್ತದೆ, ಆದರೆ ಅದು ಚರ್ಮ ಸುಡುವ ವಸ್ತು. ಮನೆಯಲ್ಲಿ ಮಕ್ಕಳಿರುವವರು ಅದರ ಗೋಜಿಗೇ ಹೋಗಬೇಡಿ. ದನದ ಗಂಜಲದಲ್ಲಿ ಇರುವುದೂ ಅದೇ. ಆಫ್ರಿಕಾದಲ್ಲಿ ತ್ಸೆ ತ್ಸೆ ನೊಣ ಹಿಡಿಯುವ ಬಲೆಗಳಿಗೆ ಬೇರೆ ವಸ್ತುಗಳ ಜೊತೆ ಇದನ್ನೂ ಇಡುತ್ತಾರೆ. ಇದನ್ನು ಓದಿ ಗಾಬರಿಯಾಗಿ, ಕ್ರೆಸಿಲ್ ಹಾಕಿದ ಎಣ್ಣೆ ಹಚ್ಚಿದ ಕರ್ಚೀಫನ್ನು ಹಿತ್ತಲಲ್ಲಿ ಒಂದು ಇಡೀ ದಿನ ನೇತುಹಾಕಿ ಕಾದೆ. ನಮ್ಮೂರಿನ ನೊಣ ಒಂದೂ ಬರಲಿಲ್ಲ. ಆಮೇಲೇ ಧೈರ್ಯವಾಗಿ ಹಚ್ಚಿಕೊಂಡಿದ್ದು.

ಎರಡು ವಿಷಯ ಹೇಳೋದಿಲ್ಲ. ಅಕ್ಕಚ್ಚಿನ ಹುಳಿಗೆ ನಾನು ಹಾಕುವ ವಸ್ತು ಯಾವುದು ಅನ್ನೋದು ಒಂದು. ಅದು ಅತ್ತರು ಅಂಗಡಿಯಲ್ಲಿ ಸಿಗೋದಲ್ಲ, ಅಷ್ಟು ಸುಳಿವು ಸಾಕು. ಇನ್ನೊಂದು, ಹೊಗೆಯನ್ನು ಯಾವ ಹಂತದಲ್ಲಿ ಸೇರಿಸುತ್ತೇನೆ ಅನ್ನೋದು. ಇವೆರಡನ್ನು ಹಿಡಿಯೋಕೆ ನನಗೆ ಒಂದು ವರ್ಷದ ಮೇಲೆ ಹಿಡಿದಿದೆ. ನೀವೂ ಹುಡುಕಿ.

ಹಚ್ಚಿಕೊಳ್ಳುವ ಬಗೆಯೇ ಮುಕ್ಕಾಲು ಪಾಲು ಕೆಲಸ. ಮಣಿಕಟ್ಟಿಗೆ ಬೇಡ, ಕುತ್ತಿಗೆಗೂ ಬೇಡ. ಮೈ ಬಿಸಿಗೆ ಒಮ್ಮೆಲೇ ಎದ್ದು ಒಮ್ಮೆಲೇ ಇಳಿಯುತ್ತದೆ. ಬಟ್ಟೆಯಲ್ಲಿ ನಿಧಾನ. ಆದರೆ ಈ ಎಣ್ಣೆ ಹಸಿರು ಮಿಶ್ರಿತ ಕಂದು ಕಲೆ ಬಿಡುತ್ತದೆ. ಅದಕ್ಕೇ ಸೆರಗಿನ ಒಳಮಗ್ಗುಲು, ಪಿನ್ನು ಹಾಕುವ ಮಡಿಕೆಯಲ್ಲಿ, ಗಾಜಿನ ಕಡ್ಡಿ ತಾಗಿಸಿ ತೆಗೆದಷ್ಟು. ರೇಷ್ಮೆಗೆ ನೇರ ಹಚ್ಚಲೇಬೇಡಿ. ಭಾಯ್ ಅಂಗಡಿಯಲ್ಲಿ ಕಿವಿಯ ಮಡಿಕೆಗೆ ಇಡುವ ಹತ್ತಿಯ ಫಾಯಾ ನೋಡಿದ್ದೀರಲ್ವಾ, ಅಂಥದೊಂದು ಸಣ್ಣ ಉಂಡೆಗೆ ಹಚ್ಚಿ ಸೆರಗಿನ ಪಿನ್ನಿಗೆ ಸಿಕ್ಕಿಸಿ. ಗಂಡಸರಾದರೆ ಅದೇ ಹತ್ತಿ ಜುಬ್ಬಾದ ಜೇಬಿಗೆ. ಒಂದು ಸಲ ಹಚ್ಚಿ, ಅರ್ಧ ಗಂಟೆಗೆ ವಾಸನೆ ಹೋಯಿತು ಅಂತ ಮತ್ತೆ ಹಚ್ಚೋ ಅಭ್ಯಾಸ ಬಿಡಿ. ಹೋಗಿರೋದಿಲ್ಲ, ನಿಮ್ಮ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಮನೆಯಲ್ಲಿ ಬೇರೆಯವರನ್ನು ಕೇಳಿ.

ಹೂವು ಹೊರಡುವ ಹೊತ್ತಿಗೆ ಮೊಗ್ಗಾಗಿಯೇ ಇರಬೇಕು. ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಸಿಕ್ಕಿದರೆ ಅದಕ್ಕೆ ಸಮ ಇಲ್ಲ. ನಮ್ಮ ಕೊಟ್ಟಿಗೆ ಪಕ್ಕದ ಬಳ್ಳಿಯದ್ದೂ ಚೆನ್ನಾಗಿಯೇ ಕೂಡುತ್ತದೆ. ಕನಕಾಂಬರಕ್ಕೆ ವಾಸನೆಯೇ ಇಲ್ಲ, ಅದು ಮುಡಿದ ದಿನ ಬರೀ ಹುಲ್ಲು. ಸಂಪಿಗೆ ಮುಡಿದರೆ ಎಣ್ಣೆ ಹಚ್ಚಿದ್ದೇ ದಂಡ, ಎಲ್ಲವನ್ನೂ ನುಂಗುತ್ತದೆ. ಅಚ್ಚರಿ ಕೊಟ್ಟಿದ್ದು ಸುರಗಿ. ಒಣಗಿದ ಸುರಗಿ ಮಾಲೆಗೆ ಚೂರು ನೀರು ಚಿಮುಕಿಸಿ ಮುಡಿದೆ. ಸಗಣಿಯ ಎಳೆ ಬರಲಿಲ್ಲ. ಅದರ ಬದಲು ಹುಲ್ಲಿಗೆ ಜೇನು ಸೇರಿ, ಬಣವೆ ಹಾಕುವ ದಿನದ ಅಂಗಳ ಬಂತು. ಮಲ್ಲಿಗೆ ಇಲ್ಲದ ಕಾಲಕ್ಕೆ ಅದೇ ನನ್ನ ಜೋಡಿ.

ಹವಾಮಾನ ನೋಡಿಕೊಳ್ಳಿ. ನವೆಂಬರಿನಿಂದ ಫೆಬ್ರವರಿ ತನಕ ಇದರ ಕಾಲ. ಮೇ ತಿಂಗಳಲ್ಲಿ ಮಂಗಳೂರಿನ ಒಂದು ಗೃಹಪ್ರವೇಶಕ್ಕೆ ಹಚ್ಚಿಕೊಂಡು ಹೋದಾಗ ಬೆವರಿಗೆ ನಾಗರಮೋಥಾ ಎದ್ದು, ಹಗ್ಗದ ಅಂಗಡಿಯಲ್ಲಿ ಕೂತ ಹಾಗಿತ್ತು. ತುಂಬಿದ ಬಸ್ಸಿಗೂ ಬೇಡ.

ನಡುವೆ ಅಗರ್‌ವುಡ್ ಕಡೆಗೂ ಹೋಗಿದ್ದೆ. ಆ ಸುಗಂಧದ ಮರದ ಎಣ್ಣೆಯೇ ಊದ್. ಅಸ್ಸಾಮಿನ ಹಳೇ ಶೈಲಿಯ ಊದ್‌ನಲ್ಲಿ ಕೊಟ್ಟಿಗೆ ವಾಸನೆ ಇರುತ್ತದೆ ಅಂತ ನಮ್ಮವರೆಲ್ಲ ಹೇಳುತ್ತಾರೆ. ಭಟ್ಟಿಗೆ ಹಾಕುವ ಮೊದಲು ಕಟ್ಟಿಗೆಯ ಚೂರನ್ನು ವಾರಗಟ್ಟಲೆ ನೀರಲ್ಲಿ ಕೊಳೆಸುವುದರಿಂದ ಬರುವ ಗುಣ ಅದು. ಕೊಪ್ಪ, ಶೃಂಗೇರಿ ಕಡೆ ಈಗ ತೋಟದಲ್ಲೇ ಅಗರ್ ಬೆಳೆದಿದ್ದಾರೆ. ಪರಿಚಯದವರ ತೋಟದಿಂದ ಒಂದು ಚೀಲ ಚೂರು ತಂದು ಬಕೆಟಿನಲ್ಲಿ ನೆನೆಹಾಕಿದೆ. ಮೂರನೇ ವಾರಕ್ಕೆ ಬಕೆಟಿನ ನೀರೇ ಕೊಟ್ಟಿಗೆಯ ಹಿಂದಿನ ಗೊಬ್ಬರಗುಂಡಿ. ಸರಿಯಾದ ವಾಸನೆ! ಆದರೆ ಎಳೇ ಮರ, ನನ್ನ ಸಣ್ಣ ಭಟ್ಟಿಯಲ್ಲಿ ಎಣ್ಣೆ ಅಂತ ಬಂದಿದ್ದು ನೀರಿನ ಮೇಲೆ ಒಂದು ತೆಳು ಪೊರೆ ಮಾತ್ರ. ಗ್ಯಾಸಿನ ಖರ್ಚೂ ಹುಟ್ಟಲಿಲ್ಲ. ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಹಿಡಿಯಬೇಕು ಅಂತಲೂ ಆಸೆ ಇತ್ತು. ಅದಕ್ಕೆ ಸರಿಯಾದ ವಸ್ತು ಕೋಷ್ಠ (ಕಾಸ್ಟಸ್) ಅನ್ನುವ ಗಿಡದ ಬೇರಿನ ಎಣ್ಣೆ. ಆದರೆ ಆ ಗಿಡ ಅಳಿವಿನಂಚಿನದ್ದು, ಎಣ್ಣೆಯೂ ಅಲರ್ಜಿ ತರುತ್ತದೆ, ಸುಗಂಧದಲ್ಲಿ ಬಳಸಬಾರದು ಅಂತ ನಿಯಮವೇ ಇದೆ. ಕೈಬಿಟ್ಟೆ.

ಲೆಕ್ಕ ಕೇಳುವವರಿಗೆ: ಭಟ್ಟಿ, ಕೆಟ್ಟ ಕಟ್ಟುಗಳು, ಕೊರಿಯರ್ ಎಲ್ಲ ಹಿಡಿದು ನಲವತ್ತು ಸಾವಿರ ದಾಟಿದೆ. ಈಗ ಮೂವತ್ತು ಗ್ರಾಂಗೆ ಸಾಮಾನಿನ ಖರ್ಚು ನಾಲ್ಕು ಸಾವಿರದ ಮೇಲೆ ಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಧದೆಣ್ಣೆಯದ್ದೇ. ಮೂರು ಗ್ರಾಂ ಶೀಶೆಯನ್ನು ಏಳುನೂರಕ್ಕೆ ಕೊಡುತ್ತೇನೆ. ಹಾಕಿದ ದುಡ್ಡು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ, ಬರುತ್ತದೆ. ಅಗ್ಗ ಮಾಡೋಕೆ ಗಂಧದ ಬದಲು ಸಿಂಥೆಟಿಕ್ ಹಾಕಿ ನೋಡಿದೆ. ಸಾವಿರದ ಐನೂರು ಉಳಿಯಿತು, ಕರುವಿನ ಮೈ ಹೋಯಿತು. ಮತ್ತೆ ಗಂಧಕ್ಕೇ ಬಂದೆ.

ಈ ದೀಪಾವಳಿಯ ಗೋಪೂಜೆಗೆ ಅದನ್ನೇ ಹಚ್ಚಿಕೊಂಡು, ಮಲ್ಲಿಗೆ ಮುಡಿದು ನಿಂತಿದ್ದೆ. ಅತ್ತೆ ಹತ್ತಿರ ಬಂದು ಸೆರಗು ಹಿಡಿದು ಮೂಸಿದರು. "ಇದು ನಮ್ಮ ತವರುಮನೆ ಅಟ್ಟದ್ದು ಕಣೇ" ಅಂದರು. ಮಾರನೇ ದಿನ ಅವರ ಹಳೇ ಹತ್ತಿ ಸೀರೆಗೂ ಹಚ್ಚಿಕೊಡು ಅಂದರು. ಭಾಯ್ ಅಂತೂ "ಎರಡು ಶೀಶೆ ಇಟ್ಟು ಹೋಗಿ ಮೇಡಂ, ಗಿರಾಕಿಗೆ ತೋರಿಸ್ತೀನಿ" ಅಂದಿದ್ದಾರೆ.

ಸದ್ಯ ಬಯಲುಸೀಮೆಯ ಗೆಳತಿಗೆ ಅಂತ ರಾಗಿಹುಲ್ಲಿನ ಕಟ್ಟು ನಡೆಯುತ್ತಿದೆ. ಅಲ್ಲಿಯ ಕೊಟ್ಟಿಗೆಗೆ ಹೊಗೆ ಕಡಿಮೆ, ಧೂಳು ಜಾಸ್ತಿ, ಸಿಹಿ ಬೇರೆ ಥರ. ಲಾವಂಚ ತೆಗೆದು ನಾಗರಮೋಥಾ ಏರಿಸಿದ್ದೇನೆ. ಹುರಿದ ಧಾನ್ಯದ ವಾಸನೆಗೆ ಏನು ಹಾಕಬೇಕು ಅನ್ನೋದು ಇನ್ನೂ ಬಗೆಹರಿದಿಲ್ಲ. ಅನ್ನಕ್ಕೆ ಹಾಕುವ ಪಾಂಡಾನ್ ಎಲೆ ಎಣ್ಣೆಯಲ್ಲಿ ನೆನೆಸಿ ನೋಡಿದೆ, ವಾರದೊಳಗೆ ವಾಸನೆ ಹಾರಿಹೋಯಿತು. ಯಾರಿಗಾದರೂ ಅದು ನಿಂತಿದ್ದರೆ, ಹೇಗೆ ನಿಲ್ಲಿಸಿದಿರಿ ಅಂತ ಹೇಳಿ. ಬದಲಿಗೆ ಅಕ್ಕಚ್ಚಿನ ವಿಷಯ ನಾನು ಹೇಳುತ್ತೇನೆ.