ಕೂಲಂಟ್ ಸೋರುತ್ತಿದೆಯೇ? ಸ್ಪಾನರ್ ಹಿಡಿಯುವ ಮೊದಲು ಜಾಗ ಹುಡುಕಿ

ಬೈಕಿನ ರಿಸರ್ವ್ ಬಾಟಲಿಯಲ್ಲಿ ಕೂಲಂಟ್ ಕೆಳಗಿನ ಗೆರೆಗಿಂತ ಇಳಿದಿತ್ತು, ಸ್ವಲ್ಪ ಸುರಿದಿರಿ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಇಳಿಯಿತು, ಮತ್ತೆ ಸುರಿದಿರಿ. ಇನ್ನೊಂದು ಸಲ ಸುರಿಯುವ ಮೊದಲು ಸ್ವಲ್ಪ ನಿಲ್ಲಿ. ಕೂಲಂಟ್ ಎಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಉರಿದು ಖಾಲಿಯಾಗುವ ಪದಾರ್ಥವಲ್ಲ. ಎಂಜಿನ್ ಮತ್ತು ರೇಡಿಯೇಟರ್ ನಡುವೆ ಅದು ಸುತ್ತುತ್ತಲೇ ಇರಬೇಕು. ಬಿರುಬೇಸಿಗೆಯಲ್ಲಿ ಬಾಟಲಿಯಿಂದ ತುಸು ಆವಿಯಾಗುವುದುಂಟು. ಆದರೆ ತಿಂಗಳಿಗೊಮ್ಮೆ ಸುರಿಯಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಹಿಂದೆ ಈ ತಲೆನೋವು ಹೆಚ್ಚಾಗಿ ಕಾರು, ಲಾರಿಯವರದ್ದಾಗಿತ್ತು. 2008ರಲ್ಲಿ ರೇಡಿಯೇಟರ್ ಇರುವ ಯಮಹಾ ಆರ್15 ಬಂತು. 2012ರಲ್ಲಿ ಕೆಟಿಎಂ ಡ್ಯೂಕ್ 200, ಪಲ್ಸರ್ 200 ಎನ್ಎಸ್ ಬಂದವು. 2023ರ ಕೊನೆಗೆ ರಾಯಲ್ ಎನ್‌ಫೀಲ್ಡ್ ಕೂಡ ಹಿಮಾಲಯನ್ 450ಗೆ ರೇಡಿಯೇಟರ್ ಕೂರಿಸಿತು. ಈಗ ಕಾಲೇಜು ಹುಡುಗರ ಬೈಕಿನಲ್ಲೂ ಕೂಲಂಟ್ ಇದೆ. ಆದರೆ ಅದು ಸೋರಿದಾಗ ಏನು ಮಾಡಬೇಕೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಅಂದಾಜಿನ ಮೇಲೆ ರೇಡಿಯೇಟರನ್ನೇ ಬದಲಾಯಿಸಿ, ಆಮೇಲೂ ಸೋರಿದ ಕಥೆಗಳು ಬೇಕಾದಷ್ಟಿವೆ. ಜಾಗ ಸರಿಯಾಗಿ ಸಿಕ್ಕರೆ ರಿಪೇರಿ ಎಷ್ಟೋ ಸಲ ಒಂದು ಕ್ಲಿಪ್, ಒಂದು ವಾಷರ್ ಅಥವಾ ಒಂದು ಮುಚ್ಚಳದಲ್ಲಿ ಮುಗಿದುಹೋಗುತ್ತದೆ.

ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಅದಕ್ಕಿಂತ ಜಾಸ್ತಿ ಬಿಸಿಯಾದರೂ ಒಳಗಿನ ದ್ರವ ಕುದಿಯಬಾರದು. ಅದಕ್ಕೇ ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಸಮ ಬೆರೆಸುತ್ತಾರೆ. ಜೊತೆಗೆ ಒತ್ತಡ ಹಿಡಿದಿಡುವ ಮುಚ್ಚಳ ಹಾಕುತ್ತಾರೆ. ಬಹಳಷ್ಟು ಬೈಕುಗಳ ರೇಡಿಯೇಟರ್ ಮುಚ್ಚಳದ ಮೇಲೆ 1.1 ಎಂದು ಬರೆದಿರುತ್ತದೆ. ಒಳಗಿನ ಒತ್ತಡ ಸುಮಾರು 1.1 ಬಾರ್ ಮುಟ್ಟುವವರೆಗೆ ಅದು ತೆರೆಯುವುದಿಲ್ಲ ಎಂದು ಅರ್ಥ. ಈ ಎರಡೂ ಸೇರಿ ಕುದಿಯುವ ಬಿಂದು 125 ಡಿಗ್ರಿ ದಾಟುತ್ತದೆ.

ಬಿಸಿ ಎಂಜಿನ್ನಿನ ಮುಚ್ಚಳ ತೆಗೆದಿರೋ, ಆ ಒತ್ತಡ ಒಮ್ಮೆಲೇ ಇಳಿದು ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಬಟ್ಟೆ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಪರವಾಗಿಲ್ಲ ಎನ್ನುವವರ ಮಾತು ಕೇಳಬೇಡಿ. ರಾತ್ರಿ ನಿಲ್ಲಿಸಿದ ಬೈಕನ್ನು ಬೆಳಿಗ್ಗೆ ಬಿಚ್ಚಿ.

ಇನ್ನೊಂದು ಮಾತು. ಎಥಿಲೀನ್ ಗ್ಲೈಕಾಲ್ ವಿಷ. ಆದರೆ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ಅಂಗಳದಲ್ಲಿ ಬಿದ್ದದ್ದನ್ನು ಕೂಡಲೇ ಒರೆಸಿ, ಮೇಲೆ ಧಾರಾಳ ನೀರು ಸುರಿಯಿರಿ. ಬಸಿದ ಕೂಲಂಟನ್ನು ಕುಡಿಯುವ ನೀರಿನ ಬಾಟಲಿಯಲ್ಲಂತೂ ಇಡಲೇಬೇಡಿ. ಮಕ್ಕಳಿಗೆ ಅದು ಶರಬತ್ತಿನ ಬಣ್ಣ.

ಬಿದ್ದದ್ದು ಕೂಲಂಟೇ ಹೌದಾ?

ಬೈಕಿನ ಕೆಳಗೆ ಒದ್ದೆ ಕಂಡ ಕೂಡಲೇ ಗಾಬರಿ ಬೇಡ. ಬಿಳಿ ಟಿಶ್ಯೂ ಕಾಗದ ಅದ್ದಿ ನೋಡಿ. ಕೂಲಂಟ್ ಹಸಿರು, ನೀಲಿ ಅಥವಾ ಗುಲಾಬಿ ಬಣ್ಣದ್ದು, ಬೆರಳಲ್ಲಿ ಉಜ್ಜಿದರೆ ಸ್ವಲ್ಪ ಜಾರುತ್ತದೆ, ಸಿಹಿ ವಾಸನೆ. ಮೂಸಿದರೆ ಸಾಕು, ನಾಲಿಗೆಗೆ ಇಡಬೇಡಿ. ಎಂಜಿನ್ ಆಯಿಲ್ ಆದರೆ ಕಂದು ಕಲೆ ಉಳಿಯುತ್ತದೆ. ಬಣ್ಣ, ವಾಸನೆ ಎರಡೂ ಇಲ್ಲದಿದ್ದರೆ ಬೈಕ್ ತೊಳೆದಾಗ ಎಲ್ಲೋ ನಿಂತ ನೀರು ಅಷ್ಟೇ.

ಕೂಲಂಟೇ ಆದರೂ ಸೋರಿಕೆ ಎಂದು ಆಗಲೇ ತೀರ್ಮಾನಿಸಬೇಡಿ. ಸರ್ವಿಸ್ ಆದ ವಾರದಲ್ಲಿ ಹೀಗಾಗಿದ್ದರೆ ರಿಸರ್ವ್ ಬಾಟಲಿಗೆ ಜಾಸ್ತಿ ತುಂಬಿಸಿರುವ ಸಾಧ್ಯತೆ ಇದೆ. ಬಿಸಿಯಾದಾಗ ಕೂಲಂಟ್ ಹಿಗ್ಗುತ್ತದೆ. ಬಾಟಲಿಯಲ್ಲಿ ಜಾಗ ಇಲ್ಲದಿದ್ದರೆ ಓವರ್‌ಫ್ಲೋ ಪೈಪಿನಿಂದ ಕೆಳಗೆ ಬೀಳುತ್ತದೆ. ಎಂಜಿನ್ ತಣ್ಣಗಿರುವಾಗ, ಬೈಕನ್ನು ನೇರವಾಗಿ ನಿಲ್ಲಿಸಿ ಮಟ್ಟ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಲೆಕ್ಕ ತಪ್ಪಾಗುತ್ತದೆ.

ಒಣಗಿಸಿ, ಪೌಡರ್ ಹಾಕಿ, ಪೇಪರ್ ಹಾಸಿ

ಹನಿ ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಬೈಕ್ ಓಡುವಾಗ ಗಾಳಿ ಹನಿಯನ್ನು ಹಿಂದಕ್ಕೆ ತಳ್ಳುತ್ತದೆ. ರೇಡಿಯೇಟರಿನ ಮೇಲ್ಭಾಗದಲ್ಲಿ ಸೋರಿದ್ದು ಎಂಜಿನ್ ಮೇಲೆ ಹರಿದು, ಸೈಲೆನ್ಸರ್ ಹತ್ತಿರ ತೊಟ್ಟಿಕ್ಕಬಹುದು. ಆದ್ದರಿಂದ ಒದ್ದೆಯನ್ನು ಹಿಂಬಾಲಿಸಿ ಮೇಲಕ್ಕೆ ಮತ್ತು ಮುಂದಕ್ಕೆ ಹೋಗಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಯಾವುದೋ ಅಲ್ಲೇ ಅನುಮಾನ.

ಫೇರಿಂಗ್ (ಬೈಕಿನ ಮುಂಭಾಗದ ಹೊದಿಕೆ) ಅಥವಾ ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಬಿಚ್ಚಿ. ಇಡೀ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಪ್ರೆಶರ್ ವಾಷರ್ ನೀರನ್ನು ರೇಡಿಯೇಟರಿಗೆ ನೇರವಾಗಿ ಹೊಡೆಯಬೇಡಿ, ತೆಳು ಅಲ್ಯೂಮಿನಿಯಂ ಫಿನ್‌ಗಳು ಮಡಚಿಕೊಳ್ಳುತ್ತವೆ. ಒಣಗಿದ ಮೇಲೆ ಪೈಪ್ ಕೂಡುವ ಜಾಗಗಳಿಗೆ, ಕೂಲಂಟನ್ನು ತಳ್ಳುವ ವಾಟರ್ ಪಂಪಿನ ಸುತ್ತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಬೈಕಿನಡಿ ಹಳೆ ಪೇಪರ್ ಹಾಸಿ, ಮುಂದಿನ ಚಕ್ರ ಯಾವ ಕಡೆ ಎಂದು ಗುರುತು ಹಾಕಿ. ಓದಿ ಮುಗಿದ ಮೇಲೆ ಈ ಪುರವಣಿಯೇ ಆದೀತು. ಎಂಜಿನ್ ಚಾಲೂ ಮಾಡಿ, ಫ್ಯಾನ್ ಒಂದೆರಡು ಸಲ ತಿರುಗುವವರೆಗೆ ಬಿಟ್ಟು, ಆಫ್ ಮಾಡಿ. ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ಪೌಡರಿನ ಮೇಲೆ ಒದ್ದೆ ಗೆರೆ ಮೂಡಿದ್ದರೆ ಅರ್ಧ ಕೆಲಸ ಆಯಿತು.

ರಾತ್ರಿಯಿಡೀ ಯಾಕೆ? ಕೆಲವು ಸೋರಿಕೆಗಳು ತಣ್ಣಗಿದ್ದಾಗ ಮಾತ್ರ ಕಾಣುತ್ತವೆ. ಚಳಿಗೆ ರಬ್ಬರ್ ಪೈಪ್ ಕುಗ್ಗಿ, ಕ್ಲಿಪ್ಪಿನ ಹಿಡಿತ ಸಡಿಲವಾಗುತ್ತದೆ. ಬೆಳಗಿನ ಜಾವ ಒಂದೆರಡು ಹನಿ ಬೀಳುತ್ತದೆ. ಎಂಜಿನ್ ಬಿಸಿಯಾದ ಕೂಡಲೇ ನಿಂತುಬಿಡುತ್ತದೆ. ಮಧ್ಯಾಹ್ನ ಗ್ಯಾರೇಜಿಗೆ ಹೋದರೆ 'ಎಲ್ಲಿ ಸಾರ್ ಲೀಕು, ಏನೂ ಇಲ್ವಲ್ಲ' ಎನ್ನುತ್ತಾರೆ. ಇನ್ನು ಕೆಲವು ಇದಕ್ಕೆ ಉಲ್ಟಾ. ಒತ್ತಡ ಏರಿದಾಗ ಮಾತ್ರ ಸೋರುತ್ತವೆ, ಸೋರಿದ್ದು ಬಿಸಿಗೆ ಅಲ್ಲೇ ಆರಿಹೋಗುತ್ತದೆ. ಅಂಥಲ್ಲಿ ಹನಿ ಸಿಗುವುದಿಲ್ಲ. ಆದರೆ ಬಿಳಿ ಅಥವಾ ಹಸಿರು ಪುಡಿಯ ಕಲೆ ಉಳಿದಿರುತ್ತದೆ. ಟಾರ್ಚ್ ಹಿಡಿದು ಅದನ್ನೇ ಹುಡುಕಿ.

ಹೀಗೂ ಸಿಗದಿದ್ದರೆ ಪ್ರೆಶರ್ ಟೆಸ್ಟರ್ ಇರುವ ಗ್ಯಾರೇಜಿಗೆ ಹೋಗಿ. ಮುಚ್ಚಳದ ಜಾಗಕ್ಕೆ ಕೂರಿಸುವ ಕೈಪಂಪು ಅದು. ತಣ್ಣನೆಯ ಎಂಜಿನ್ನಿಗೇ ಮುಚ್ಚಳದಲ್ಲಿ ಬರೆದಷ್ಟು ಒತ್ತಡ ಕೊಟ್ಟು ಮೀಟರ್ ನೋಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಖಚಿತ. ಬಿಸಿ ಇಲ್ಲದ್ದರಿಂದ ಹನಿ ಆರಿಹೋಗದೆ ಕಣ್ಣಿಗೆ ಬೀಳುತ್ತದೆ. ಅದೇ ಉಪಕರಣದಲ್ಲಿ ಮುಚ್ಚಳವನ್ನೂ ಪರೀಕ್ಷಿಸಬಹುದು.

ಸಿಕ್ಕ ಜಾಗಕ್ಕೆ ತಕ್ಕ ರಿಪೇರಿ

ಮುಚ್ಚಳದಿಂದ ಶುರು ಮಾಡಿ, ಏಕೆಂದರೆ ಅದು ಅಗ್ಗ. ಅದರೊಳಗೆ ಎರಡು ವಾಲ್ವ್ ಇರುತ್ತವೆ. ಬಿಸಿಯಾದಾಗ ಒಂದು ಕೂಲಂಟನ್ನು ಬಾಟಲಿಗೆ ಬಿಡುತ್ತದೆ. ತಣ್ಣಗಾದಾಗ ಇನ್ನೊಂದು ವಾಪಸ್ ಎಳೆದುಕೊಳ್ಳುತ್ತದೆ. ರಬ್ಬರ್ ಉಂಗುರ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಮುಚ್ಚಳ ಬದಲಾಯಿಸಿ. ಒತ್ತಡದ ಸಂಖ್ಯೆ ಹಳೆಯದರಷ್ಟೇ ಇರಲಿ. ಜಾಸ್ತಿ ಒತ್ತಡದ್ದು ಹಾಕಿದರೆ ಅಲ್ಲಿ ನಿಂತ ಸೋರಿಕೆ ಪೈಪಿನಲ್ಲಿ ಶುರುವಾಗುತ್ತದೆ.

ಪೈಪ್ ಕೂಡುವಲ್ಲಿ ಸೋರಿದರೆ ಕ್ಲಿಪ್ಪನ್ನು ಸ್ವಲ್ಪ ಬಿಗಿ ಮಾಡಿ. ಸ್ಕ್ರೂ ಕ್ಲಿಪ್ಪನ್ನು ಬಲ ಹಾಕಿ ತಿರುಗಿಸಿದರೆ ಅದು ರಬ್ಬರನ್ನೇ ಕತ್ತರಿಸುತ್ತದೆ. ಪೈಪನ್ನು ಹಿಸುಕಿ ನೋಡಿ. ಮೆತ್ತಗೆ ಉಬ್ಬಿದ್ದರೆ ಅಥವಾ ಮಡಿಕೆಯಲ್ಲಿ ಬಿರುಕು ಕಂಡರೆ ಹೊಸದು ಹಾಕಿ. ಹಾಕುವಾಗ ಗ್ರೀಸ್, ಎಂಜಿನ್ ಆಯಿಲ್ ಸವರಬೇಡಿ, ಈ ರಬ್ಬರಿಗೆ ಆಯಿಲ್ ಆಗಿಬರುವುದಿಲ್ಲ. ಕೂಲಂಟನ್ನೇ ಸವರಿದರೆ ಸಲೀಸಾಗಿ ಏರುತ್ತದೆ. ಕೊಳವೆಯ ತುದಿಯಲ್ಲಿ ಒಂದು ಏಣು ಇರುತ್ತದೆ. ಪೈಪ್ ಅದನ್ನು ದಾಟಬೇಕು, ಕ್ಲಿಪ್ ಅದರ ಹಿಂದೆ ಕೂರಬೇಕು.

ರೇಡಿಯೇಟರ್ ಮುಂದಿನ ಚಕ್ರದ ಹಿಂದೆಯೇ ಇರುವುದರಿಂದ ಕಲ್ಲೇಟು ತಪ್ಪಿದ್ದಲ್ಲ. ಅಲ್ಯೂಮಿನಿಯಂ ಟ್ಯೂಬಿನಲ್ಲಿ ಸಣ್ಣ ತೂತಾಗಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡುವ ರೇಡಿಯೇಟರ್ ಅಂಗಡಿಗೆ ಕೊಡಬಹುದು. ಪಕ್ಕದ ಟ್ಯಾಂಕ್ ಪ್ಲಾಸ್ಟಿಕ್ಕಿನದಾಗಿದ್ದು ಅದೇ ಸೀಳಿದ್ದರೆ ವೆಲ್ಡಿಂಗ್ ಆಗದು, ಹೊಸ ರೇಡಿಯೇಟರೇ ಗತಿ. ಅದರ ಜೊತೆಗೆ ಜಾಲರಿ ಗಾರ್ಡ್ ಕೂಡ ಹಾಕಿಸಿಬಿಡಿ.

ವಾಟರ್ ಪಂಪಿನ ಕೆಳಗಿನ ತೂತು

ಹೆಚ್ಚು ಗೊಂದಲ ಇರುವುದು ಇಲ್ಲೇ. ಪಂಪಿನ ಶಾಫ್ಟಿನ ಒಂದು ಕಡೆ ಕೂಲಂಟ್, ಇನ್ನೊಂದು ಕಡೆ ಎಂಜಿನ್ ಆಯಿಲ್. ಎರಡೂ ಬೆರೆಯದಂತೆ ಎರಡು ಸೀಲ್ ಇರುತ್ತವೆ. ಕೂಲಂಟ್ ಕಡೆ ಮೆಕ್ಯಾನಿಕಲ್ ಸೀಲ್, ಆಯಿಲ್ ಕಡೆ ಆಯಿಲ್ ಸೀಲ್. ಎರಡರ ನಡುವಿನ ಜಾಗದಿಂದ ಹೊರಕ್ಕೆ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಸೀಲ್ ಹೋದರೆ ಸೋರಿದ್ದು ಎಂಜಿನ್ ಒಳಗೆ ಹೋಗದೆ ಹೊರಗೆ ಬೀಳಲಿ ಎಂದು ಬೇಕೆಂತಲೇ ಮಾಡಿದ ತೂತು ಅದು. ಕೂಲಂಟ್ ಬಿದ್ದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ. ಆಯಿಲ್ ಬಿದ್ದರೆ ಆಯಿಲ್ ಸೀಲ್ ಹೋಗಿದೆ.

ಈ ತೂತಿಗೆ ಎಂ-ಸೀಲ್ ಮೆತ್ತಿ 'ಲೀಕ್ ನಿಂತಿತು' ಎನ್ನುವವರಿದ್ದಾರೆ. ಹೊರಗೆ ನಿಂತಿತು ನಿಜ. ಆದರೆ ದಾರಿ ಮುಚ್ಚಿದ ಕೂಲಂಟ್ ಆಯಿಲ್ ಸೀಲನ್ನು ದಾಟಿ ಎಂಜಿನ್ನಿಗೆ ಇಳಿಯಬಹುದು. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಬೇರಿಂಗ್‌ಗಳು ಸವೆಯುತ್ತವೆ. ಕೆಲವು ನೂರರ ಸೀಲಿನಲ್ಲಿ ಮುಗಿಯುತ್ತಿದ್ದ ಕೆಲಸ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ಸೀಲ್ ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಹೇಗೂ ಅಷ್ಟು ಬಿಚ್ಚಿರುತ್ತೀರಲ್ವಾ? ಶಾಫ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಕೂಡ ಬಾಳುವುದಿಲ್ಲ, ಶಾಫ್ಟನ್ನೂ ಹಾಕಿ. ಸೀಲನ್ನು ಸುತ್ತಿಗೆಯಲ್ಲಿ ಒಂದು ಪಕ್ಕಕ್ಕೆ ಬಡಿದು ಕೂರಿಸಬಾರದು. ಅದರ ಹೊರ ಅಂಚಿನ ಅಳತೆಯ ಸಾಕೆಟ್ ಇಟ್ಟು ಸಮನಾಗಿ ಒತ್ತಬೇಕು. ಹಲವು ಬೈಕುಗಳಲ್ಲಿ ಇದಕ್ಕೆ ಕ್ಲಚ್ ಕವರ್ ಕೂಡ ಬಿಚ್ಚಬೇಕಾಗುತ್ತದೆ. ಕೈ ಪಳಗಿಲ್ಲದಿದ್ದರೆ ಇದನ್ನು ಮೆಕ್ಯಾನಿಕ್‌ಗೆ ಬಿಡಿ. ಪಂಪ್ ಕವರಿನ ಡ್ರೈನ್ ಬೋಲ್ಟಿನ ವಾಷರ್ ಮಾತ್ರ ಪ್ರತಿ ಸಲವೂ ಹೊಸದಿರಲಿ. ಎಷ್ಟೋ ಸಲ 'ಪಂಪ್ ಲೀಕ್' ಅನ್ನಿಸುವುದು ಆ ಹಳೇ ವಾಷರಿನ ಕೆಲಸ.

ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೂ ಕೂಲಂಟ್ ಇಳಿಯುತ್ತಿದೆ ಎಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಸಿಲಿಂಡರ್ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು, ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಪೈಪ್ ಕಲ್ಲಾಗುವುದು, ಆಯಿಲ್ ಕೆನೆಯಂತಾಗುವುದು ಅದರ ಲಕ್ಷಣಗಳು. ಆದರೆ ಮಲೆನಾಡಿನ ಮಳೆಗಾಲದಲ್ಲಿ ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸುವ ಬೈಕಿನ ಆಯಿಲ್ ಮುಚ್ಚಳದಲ್ಲಿ ತೇವಕ್ಕೇ ಸ್ವಲ್ಪ ಕೆನೆ ಕಟ್ಟುವುದುಂಟು. ಅಷ್ಟಕ್ಕೇ ಹೆಡ್ ಬಿಚ್ಚಿಸಬೇಡಿ.

ತುಂಬಿಸುವುದು, ಗಾಳಿ ತೆಗೆಯುವುದು

ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಸುಣ್ಣದ ಅಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಗಾಢ ಕೂಲಂಟ್ ತಂದಿದ್ದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬೆರೆಸಿ. 'ರೆಡಿ ಮಿಕ್ಸ್' ಎಂದಿದ್ದರೆ ನೀರು ಸೇರಿಸದೆ ಹಾಗೇ ಸುರಿಯಿರಿ. ಬಣ್ಣ ಒಂದೇ ಎಂದು ಎರಡು ಕಂಪನಿಯದ್ದು ಬೆರೆಸಬೇಡಿ, ಬಣ್ಣ ಬರೀ ಬಣ್ಣವಷ್ಟೇ. ಎಷ್ಟು ಲೀಟರ್ ಎಂಬುದು ಬೈಕಿನ ಪುಸ್ತಕದಲ್ಲಿರುತ್ತದೆ.

ನಿಧಾನವಾಗಿ ಸುರಿಯಿರಿ. ಒಳಗೆ ಗಾಳಿ ಸಿಕ್ಕಿಕೊಂಡರೆ ಸೋರಿಕೆ ಸರಿಯಾದರೂ ಎಂಜಿನ್ ಕಾಯುತ್ತದೆ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ಇಲ್ಲದೆ ಕೂಲಂಟ್ ಬಂದ ಮೇಲೆ ಬಿಗಿ ಮಾಡಿ. ಬೈಕನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ವಾಲಿಸಿ. ಮುಚ್ಚಳ ತೆರೆದಿಟ್ಟೇ ಚಾಲೂ ಮಾಡಿ, ಕೆಳಗಿನ ಪೈಪನ್ನು ಹಿಸುಕಿ ಬಿಡಿ. ಗುಳ್ಳೆ ಬಂದು ಮಟ್ಟ ಇಳಿದಂತೆಲ್ಲ ಸುರಿಯಿರಿ. ಗುಳ್ಳೆ ನಿಂತ ಮೇಲೆ, ತುಂಬಾ ಬಿಸಿಯಾಗುವ ಮೊದಲೇ ಮುಚ್ಚಳ ಹಾಕಿ. ಬಾಟಲಿಯನ್ನು ಎರಡು ಗೆರೆಗಳ ನಡುವೆ ತುಂಬಿಸಿ. ಸ್ವಲ್ಪ ದೂರ ಓಡಿಸಿ, ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿ. ಕೂಲಂಟ್ ಕತ್ತಿನವರೆಗೆ ಇರಬೇಕು.

ಘಾಟಿಯಲ್ಲಿ ಕೈಕೊಟ್ಟರೆ

ಚಾರ್ಮಾಡಿ ಹತ್ತುವಾಗ ಬಿಸಿ ಏರಿದ ದೀಪ ಉರಿಯಿತು ಎನ್ನಿ. ಬದಿಗೆ ನಿಲ್ಲಿಸಿ ಆಫ್ ಮಾಡಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಎರಚಬೇಡಿ. ಅರ್ಧ ಗಂಟೆ ಸಾಲದು. ಪೈಪ್ ಹಿಸುಕಿದರೆ ಮೆತ್ತಗಾಗಿ, ಮುಚ್ಚಳ ಕೈಗೆ ತಣ್ಣಗೆ ಹತ್ತುವವರೆಗೆ ಕಾಯಿರಿ. ಪೈಪ್ ಸೀಳಿದ್ದರೆ ತನಗೆ ತಾನೇ ಅಂಟಿಕೊಳ್ಳುವ ಸಿಲಿಕಾನ್ ಟೇಪನ್ನು ಎಳೆದು ಬಿಗಿಯಾಗಿ ಸುತ್ತಿ. ಅದೊಂದು ಸುರುಳಿ ಸೀಟಿನಡಿ ಇದ್ದರೆ ಒಳ್ಳೆಯದು. ಹಳೇ ಚಾಲಕರು ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ತೂತು ಮುಚ್ಚುತ್ತಿದ್ದರು. ಲಾರಿಯ ದೊಡ್ಡ ರೇಡಿಯೇಟರಿಗೆ ಅದು ನಡೆದೀತು. ಬೈಕಿನ ಸಪೂರ ಕೊಳವೆಗಳಲ್ಲಿ ಅದೇ ಪುಡಿ ಅಡ್ಡ ಕೂರುತ್ತದೆ. ಕೂಲಂಟ್ ಇಲ್ಲದಿದ್ದರೆ ಬಾಟಲಿಯ ಕುಡಿಯುವ ನೀರು ತುಂಬಿಸಿ, ನಿಧಾನವಾಗಿ, ಬಿಸಿಯ ಮೀಟರ್ ನೋಡುತ್ತಾ ಹತ್ತಿರದ ಊರಿನವರೆಗೆ ಹೋಗಿ. ದೀಪ ಮತ್ತೆ ಉರಿದರೆ ಬೈಕನ್ನು ಪಿಕಪ್ ಗಾಡಿಗೆ ಹತ್ತಿಸಿ. ರಿಪೇರಿ ಆಗುವಾಗ ಆ ನೀರನ್ನೆಲ್ಲ ಬಸಿದು ಹೊಸ ಕೂಲಂಟ್ ಹಾಕಲು ಮರೆಯದೆ ಹೇಳಿ.